ನಿಮಗಿದು ಗೊತ್ತೆ? ಹೊಸಂಗಡಿ ಎನ್ನಲು 63 ಚಿಹ್ನೆ!

ಜಾಲವಿಳಾಸದ ಕೊನೆಗೆ ಹ್ಯಾಶ್ (#) ಹಾಕಿ, ಮುಂದೆ ಮಂಜೇಶ್ವರ ತಾಲೂಕಿನ ‘ಹೊಸಂಗಡಿ’ಯನ್ನು ಬರೆಯಿರಿ. ಹ್ಯಾಶ್‌ನ ಆಚೆಗಿನ ತುಂಡು ಸರ್ವರ್‌ಗೆ ಹೋಗುವುದೇ ಇಲ್ಲ, ಬ್ರೌಸರ್‌ನಲ್ಲೇ ಉಳಿಯುತ್ತದೆ. ಪುಟವೂ ಮರುಲೋಡ್ ಆಗದು. ಹಾಗಾದರೆ ತುಂಡು ಬದಲಾದದ್ದು ಜಾವಾಸ್ಕ್ರಿಪ್ಟ್‌ಗೆ ತಿಳಿಯುವುದು ಹೇಗೆ? ಹಿಂದೆ ಟೈಮರ್ ಇಟ್ಟು, ಬಸ್ ಬಂತೇ ಎಂದು ಕತ್ತು ಚಾಚಿದಂತೆ, ಸೆಕೆಂಡಿಗೆ ಹಲವು ಸಲ ಇಣುಕುತ್ತಿದ್ದರು. 2009ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8 ‘ಹ್ಯಾಶ್‌ಚೇಂಜ್’ ಸೂಚನೆ ತಂದಿತು. ಈಗ ಬ್ರೌಸರೇ ಕೂಗಿ ಹೇಳುತ್ತದೆ.

ಕನ್ನಡಿಗರಿಗೆ ಇಲ್ಲೊಂದು ತಮಾಷೆ. ಹೊಸಂಗಡಿಯಲ್ಲಿ 7 ಯೂನಿಕೋಡ್ ಸಂಕೇತಗಳು. ಒಂದೊಂದಕ್ಕೆ 3 ಬೈಟ್, ಬೈಟಿಗೆ ಶೇಕಡಾ ಗುರುತು ಸೇರಿ 3 ಚಿಹ್ನೆ. ಸ್ಕ್ರಿಪ್ಟ್ ಕೈಗೆ ಸಿಗುವುದು ಆ 63 ಚಿಹ್ನೆಗಳ ಬಾಲ! ಡಿಕೋಡ್ ಮಾಡದೆ ಹೋಲಿಸಿದರೆ ಹೊಸಂಗಡಿಗೆ ಹೊಸಂಗಡಿಯೇ ಅಪರಿಚಿತ.