ಹೆಲಿಕಾಪ್ಟರ್ ನಡುಗಿದರೆ ಎಂಜಿನ್‌ಗೆ ಬೈಯುವ ಮೊದಲು ಕ್ಲಚ್ ನೋಡಿ

ರಿಮೋಟ್ ಹೆಲಿಕಾಪ್ಟರ್‌ಗಳಲ್ಲಿ ಎಲೆಕ್ಟ್ರಿಕ್ ಮಾದರಿ ಬಂದ ಮೇಲೆ ಹಳೆಯ ನೈಟ್ರೋ ಎಂಜಿನ್‌ನವು ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ರೇಟಿಗೆ ಸಿಗುತ್ತವೆ. ಗ್ಯಾರೇಜ್‌ನಲ್ಲೋ ಎಸಿ ಪ್ಲಾಂಟ್‌ನಲ್ಲೋ ಕೆಲಸ ಮಾಡುವವರಿಗೆ ಎಂಜಿನ್ ಅಂದರೆ ಹೆದರಿಕೆ ಇಲ್ಲ, ತಗೊಂಡು ಬರುತ್ತಾರೆ. ಸ್ಟಾರ್ಟ್ ಮಾಡಿದರೆ ಇಡೀ ಬಾಡಿ ನಡುಗುತ್ತದೆ. ಟ್ಯಾಂಕ್‌ನಲ್ಲಿ ಇಂಧನ ಬಿಳಿ ನೊರೆ ಕಟ್ಟುತ್ತದೆ, ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಕಾರ್ಬ್ಯುರೇಟರ್ ಸೂಜಿ ತಿರುಗಿಸಿ, ಗ್ಲೋ ಪ್ಲಗ್ ಬದಲಿಸಿ, ಕೊನೆಗೆ "ಎಂಜಿನ್ ಹೋಯ್ತು" ಅಂತ ಮೂಲೆಗೆ ಇಡುವವರೇ ಹೆಚ್ಚು. ಎಷ್ಟೋ ಸಲ ಎಂಜಿನ್ ಸರಿಯಾಗಿಯೇ ಇರುತ್ತದೆ. ಅದರ ಮೇಲೆ ಕೂರುವ ಕ್ಲಚ್ ಕೂದಲೆಳೆಯಷ್ಟು ಓರೆಯಾಗಿರುತ್ತದೆ, ಅಷ್ಟೇ. ನೊರೆಯಲ್ಲಿರುವ ಗಾಳಿ ಇಂಧನದ ಜತೆ ಒಳಹೋಗುವುದರಿಂದಲೇ ಎಂಜಿನ್ ಕಾಯುವುದು.

ಕ್ರ್ಯಾಂಕ್‌ಶಾಫ್ಟ್ ತುದಿಗೆ ಫ್ಯಾನ್ ಹಬ್, ಅದರ ಮೇಲೆ ಕ್ಲಚ್. ವೇಗ ಹೆಚ್ಚಿದಾಗ ಕ್ಲಚ್‌ನ ಎರಡು ಶೂಗಳು ಹೊರಗೆ ಅರಳಿ ಬೆಲ್ ಎಂಬ ಬಟ್ಟಲನ್ನು ಹಿಡಿಯುತ್ತವೆ. ಬೆಲ್‌ನ ಪಿನಿಯನ್ ಗೇರ್ ದೊಡ್ಡ ಗೇರನ್ನು ತಿರುಗಿಸುತ್ತದೆ, ರೆಕ್ಕೆ ಸುತ್ತುತ್ತದೆ. ಎಂಜಿನ್ ನಿಮಿಷಕ್ಕೆ 15,000 ಸುತ್ತು ಅಂದರೆ ಸೆಕೆಂಡಿಗೆ 250. ಅಷ್ಟು ಸಲ ಓರೆ ಹೊಡೆದರೆ ಮೊದಲು ಸಾಯುವುದು ಬೇರಿಂಗ್.

ಇಲ್ಲಿ ಅಲೈನ್‌ಮೆಂಟ್ ಎರಡು ಬಗೆ, ಎರಡನ್ನೂ ಒಂದೇ ಅಂದುಕೊಂಡರೆ ಕೆಲಸ ಕೆಡುತ್ತದೆ. ಮೊದಲನೆಯದು ಹಬ್ ಮತ್ತು ಕ್ಲಚ್ ಕ್ರ್ಯಾಂಕ್ ಮೇಲೆ ನೆಟ್ಟಗಿವೆಯಾ ಅನ್ನುವುದು. ಎಂಜಿನ್ ಹೊರಗೆ ತೆಗೆದು, ಗ್ಲೋ ಪ್ಲಗ್ ಬಿಚ್ಚಿ (ಕಂಪ್ರೆಷನ್ ಇದ್ದರೆ ಸಲೀಸಾಗಿ ತಿರುಗಲ್ಲ), ವೈಸ್‌ಗೆ ಕಟ್ಟಬೇಕು. ವರ್ಕ್‌ಶಾಪ್‌ನಲ್ಲಿ ಪಂಪ್ ಕಪ್ಲಿಂಗ್‌ಗೆ ಹಿಡಿಯುವ ಡಯಲ್ ಗೇಜ್ ಇಲ್ಲೂ ಸಾಕು. ಗೇಜ್ ಮೊದಲು ಬರೀ ಶಾಫ್ಟ್ ಮೇಲೆ ಇಡಿ. ಅದೇ ಅಲುಗುತ್ತಿದ್ದರೆ ಕ್ರ್ಯಾಂಕ್ ಬಗ್ಗಿದೆ, ಮುಂದಿನ ಯಾವ ಶ್ರಮವೂ ವ್ಯರ್ಥ. ನೆಟ್ಟಗಿದ್ದರೆ ಹಬ್ ಹಾಕಿ, ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿ. ಮುಳ್ಳು 0.03 ಮಿ.ಮೀ. ಒಳಗೆ ಆಡಿದರೆ ಚಿಂತೆ ಬೇಡ. ಜಾಸ್ತಿ ಆಡಿದರೆ ನಟ್ ಸಡಿಲಿಸಿ, ಹಬ್ ಕಾಲು ಸುತ್ತು ಸರಿಸಿ, ಪುನಃ ಬಿಗಿದು ನೋಡಿ. ಕೂರುವ ಜಾಗದಲ್ಲಿ ಒಂದು ಕಣ ಮರಳಿದ್ದರೂ ಮುಳ್ಳು ತಪ್ಪು ಹೇಳುತ್ತದೆ, ಗಲ್ಫ್‌ನಲ್ಲಿ ಮರಳಿಗೇನು ಬರ! ಹಬ್ ಸರಿಯಾದ ಮೇಲೆ ಕ್ಲಚ್ ಕೂರಿಸಿ, ಅದಕ್ಕೂ ಇದೇ ಪರೀಕ್ಷೆ.

ಎರಡನೆಯದು, ಆ ಎಂಜಿನ್ ಫ್ರೇಮ್‌ನಲ್ಲಿ ಬೆಲ್‌ಗೆ ನೇರ ಕೂರುವುದು. ಮೌಂಟ್ ಬೋಲ್ಟ್‌ಗಳನ್ನು ಸಡಿಲ ಬಿಟ್ಟು, ಕ್ಲಚ್ ಸುತ್ತ ತೆಳು ಕಾಗದದ ಪಟ್ಟಿ ಸುತ್ತಿ ಬೆಲ್ ಒಳಗೆ ತೂರಿಸಿದರೆ ಎಲ್ಲ ಕಡೆ ಸಮ ಜಾಗ ಉಳಿಯುತ್ತದೆ. ಆಮೇಲೆ ಕಾರಿನ ಚಕ್ರಕ್ಕೆ ಮಾಡುವ ಹಾಗೆ ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕಾಗದ ತೆಗೆದು ಕೈಯಿಂದ ತಿರುಗಿಸಿದಾಗ ಎಲ್ಲೂ ತಡೆಯಬಾರದು. ತಡೆದರೆ ಮತ್ತೆ ಸಡಿಲಿಸುವುದೇ ದಾರಿ, ಒತ್ತಿ ಬಿಗಿದು ಹೊಂದಿಸುವುದಲ್ಲ. ಕಬ್ಬಿಣಕ್ಕೆ ಕಬ್ಬಿಣ ಕೂರುವ ಬೋಲ್ಟ್‌ಗೆ ಥ್ರೆಡ್ ಲಾಕ್ ಮರೆಯಬೇಡಿ, ಬೆಲ್‌ನ ಲೈನಿಂಗ್‌ಗೆ ಮಾತ್ರ ಒಂದು ಹನಿಯೂ ಎಣ್ಣೆ ತಾಗಬಾರದು.

ಸ್ಟಾರ್ಟ್ ಮಾಡುವಾಗ ಥ್ರಾಟಲ್ ಪೂರ್ತಿ ಕೆಳಗಿರಲಿ, ರೋಟರ್ ಹೆಡ್ ಕೈಯಲ್ಲಿ ಗಟ್ಟಿ ಹಿಡಿದಿರಿ. ಐಡಲ್‌ನಲ್ಲೇ ರೆಕ್ಕೆ ಎಳೆಯುತ್ತಿದ್ದರೆ ಐಡಲ್ ಜಾಸ್ತಿ ಇರಬೇಕು, ಇಲ್ಲವೇ ಕ್ಲಚ್ ಬೆಲ್‌ಗೆ ಉಜ್ಜುತ್ತಿರಬೇಕು. ಎಂಜಿನ್ ನಿಲ್ಲಿಸಿಯೇ ಕೈ ಬಿಡಿ. ಇದು ಆಟಿಕೆ ಅಲ್ಲ. ಮಧ್ಯಮ ಗಾತ್ರದ ಹೆಲಿಕಾಪ್ಟರ್‌ನ ರೆಕ್ಕೆಯ ತುದಿ ಗಂಟೆಗೆ 350 ಕಿ.ಮೀ. ದಾಟುತ್ತದೆ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಯುವಕನೊಬ್ಬ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರ್ ಬಡಿದು ಸತ್ತ. ಮಕ್ಕಳನ್ನು ದೂರ ನಿಲ್ಲಿಸಿ. ಹಾರಿಸುವ ಜಾಗಕ್ಕೆ ನೀವಿರುವ ದೇಶದ ಅನುಮತಿ ಏನು ಬೇಕು ಅಂತಲೂ ಮೊದಲೇ ವಿಚಾರಿಸಿ.

ಊರಿಗೆ ಒಯ್ಯುವ ಯೋಚನೆ ಇದ್ದರೆ ಇನ್ನೊಂದು ಮಾತು. ನೈಟ್ರೋ ಇಂಧನದಲ್ಲಿ ಮೆಥನಾಲ್ ಇರುವುದರಿಂದ ವಿಮಾನದ ಯಾವ ಬ್ಯಾಗಿನಲ್ಲೂ ಬಿಡುವುದಿಲ್ಲ. ಟ್ಯಾಂಕ್, ಪೈಪ್ ಒಣಗಿಸಿ, ಎಂಜಿನ್‌ನ ವಾಸನೆ ಹೋಗುವಷ್ಟು ಕ್ಲೀನ್ ಮಾಡಿ, ಏರ್‌ಲೈನ್ಸ್‌ನವರನ್ನು ಕೇಳಿಕೊಂಡೇ ಪ್ಯಾಕ್ ಮಾಡಿ.