ಥೋಲ್ ಎಂಬ ಕ್ರಿಯಾಪದ

ಇಂಗ್ಲೆಂಡಿನ ಉತ್ತರಕ್ಕಿರುವ ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷಿಗೆ ಸೋದರಿಯೆನ್ನಬಹುದಾದ ಸ್ಕಾಟ್ಸ್ ಎಂಬ ನುಡಿಯುಂಟು. ಅದರಲ್ಲಿ 'ಥೋಲ್' ಎಂಬುದೊಂದು ಹಳೆಯ ಕ್ರಿಯಾಪದ. ಸಹಿಸು, ಸೈರಿಸು ಎಂಬುದು ಅದರ ಮುಖ್ಯಾರ್ಥ. ದೂರದೇಶದ ಮಾತಿನ ವಿಚಾರ ನಮಗೇಕೆಂದು ವಾಚಕರು ಕೇಳಬಹುದು. ಆ ಮಾತು ನಮ್ಮ ಸಂಸ್ಕೃತಕ್ಕೆ ನೆಂಟನೆಂಬುದು ಒಂದು ಕಾರಣ. ನ್ಯಾಯಸ್ಥಾನದ ಕಟಕಟೆಯಲ್ಲಿ ನಿಂತವನ ಬಿಡುಗಡೆಯು ಬಹುಕಾಲ ಆ ಮಾತನ್ನೇ ಆಶ್ರಯಿಸಿಕೊಂಡಿತ್ತೆಂಬುದು ಇನ್ನೊಂದು.

ಥೋಲ್ ಎಂದೊಡನೆ ಕನ್ನಡಿಗರ ಕಿವಿಗೆ 'ತಾಳು' ಎಂಬ ನಮ್ಮ ಮಾತು ಹೊಳೆಯದಿರದು. ತಾಳಿದವನು ಬಾಳಿಯಾನು ಎಂದು ಮನೆಮನೆಯಲ್ಲಿಯೂ ಹೇಳುವರಷ್ಟೆ. ತಾಳು ಎಂದರೆ ಸಹಿಸೆಂದೂ ಆಗುವುದು, ಸ್ವಲ್ಪ ಕಾದಿರೆಂದೂ ಆಗುವುದು. ಥೋಲ್ ಪದಕ್ಕೂ ಈ ಎರಡು ಅರ್ಥಗಳಿವೆ! ಆದರೂ ಇದು ಕೇವಲ ಕಾಕತಾಳೀಯ. ತಾಳು ದ್ರಾವಿಡ ಕುಲದ ಧಾತು. ಕಿವಿಯೊಂದನ್ನೇ ನಂಬಿ ಶಬ್ದಗಳಿಗೆ ಸಂಬಂಧ ಕುದುರಿಸುವುದು ಜಾತಕ ನೋಡದೆ ಲಗ್ನ ನಿಶ್ಚಯಿಸಿದಂತೆಯೇ ಸರಿ.

ನಿಜವಾದ ದಾಯಾದಿ ಸಂಸ್ಕೃತದ 'ತುಲ್' ಧಾತು. ಸಂಸ್ಕೃತದ ತಕಾರಕ್ಕೆ ಪ್ರತಿಯಾಗಿ ಇಂಗ್ಲಿಷ್ ಮತ್ತು ಸ್ಕಾಟ್ಸ್ ನುಡಿಗಳಲ್ಲಿ ಥಕಾರದಂತಹ ಧ್ವನಿ ಬರುವುದುಂಟು: ತ್ರಿ ಎಂಬುದಕ್ಕೆ ಥ್ರೀ, ತೃಷಾ ಎಂಬುದಕ್ಕೆ ಥರ್ಸ್ಟ್. ಈ ನಿಯಮವನ್ನು ಜರ್ಮನ್ ಪಂಡಿತ ಯಾಕೋಬ್ ಗ್ರಿಮ್ 1822ರಲ್ಲಿ ವಿಶದಪಡಿಸಿದನು. ಮಕ್ಕಳ ಕಥೆಗಳ ಗ್ರಿಮ್ ಸೋದರರಲ್ಲಿ ಹಿರಿಯನು ಈತನೇ. ತುಲ್ ಎಂದರೆ ಎತ್ತಿ ತೂಗುವುದು. ತುಲಾ, ತುಲ್ಯ, ತುಲಾಭಾರ ಎಲ್ಲವೂ ಅದರ ಸಂತಾನ. ಎತ್ತಿದವನು ಹೊರಬೇಕು, ಹೊತ್ತವನು ಸಹಿಸಬೇಕು; ಹೀಗೆ ತಕ್ಕಡಿಯ ಮಾತು ಪಶ್ಚಿಮದಲ್ಲಿ ಸಹನೆಯ ಮಾತಾಯಿತು. ಲ್ಯಾಟಿನಿನ ಮೂಲಕ ಇಂಗ್ಲಿಷಿಗೆ ಬಂದ 'ಟಾಲರೇಟ್' ಎಂಬುದೂ ಇದೇ ಮನೆಯದು.

ಹಳೆಯ ಇಂಗ್ಲಿಷಿನಲ್ಲಿ 'ಥೋಲಿಯನ್' ಎಂದಿದ್ದ ಈ ಪದವು ದಕ್ಷಿಣದಲ್ಲಿ ಕ್ರಮೇಣ ಮರೆಯಾಗಿ ಉತ್ತರದಲ್ಲಿ ನಿಂತಿತು. ನೋವನ್ನು ಉಣ್ಣುವುದು, ದಂಡನೆಗೆ ಒಳಗಾಗುವುದು, ಮತ್ತೊಬ್ಬನನ್ನು ತಡೆಯದೆ ಬಿಡುವುದು ಎಂಬ ಅರ್ಥಗಳೆಲ್ಲ ಪ್ರಾಚೀನ ಸ್ಕಾಟ್ಸಿನಲ್ಲಿ ಕಾಣುವುವು. ಸಹನಶೀಲನನ್ನು 'ಥೋಲ್‌ಮ್ಯೂಡ್' ಎನ್ನುತ್ತಿದ್ದರು. (ದೋಣಿಯ ಹುಟ್ಟನ್ನು ತಡೆದು ಹಿಡಿಯುವ ಗೂಟಕ್ಕೂ ಥೋಲ್ ಎಂದು ಹೆಸರುಂಟು, ಅದು ಬೇರೆ ಶಬ್ದ.) ರಾಬರ್ಟ್ ಬರ್ನ್ಸ್ ಕವಿಯು 1785ರಲ್ಲಿ ಒಂದು ಇಲಿಯನ್ನು ಕುರಿತು ಕವಿತೆ ಬರೆದನು. ನೇಗಿಲಿಗೆ ಸಿಕ್ಕಿ ಅದರ ಗೂಡು ಚೂರಾಗಿದೆ. ಮುಂದೆ ಚಳಿಗಾಲದ ಹಿಮಮಿಶ್ರಿತ ಜಡಿಮಳೆಯನ್ನು ಆ ಬಡಪ್ರಾಣಿ ಹೇಗೂ ತಡೆಯಬೇಕು. ಅಲ್ಲಿ ಕವಿಯು ಬಳಸಿದ ಕ್ರಿಯಾಪದ ಥೋಲ್. ಅಂಗುಲದಷ್ಟಿರುವ ಜೀವಕ್ಕೆ ಅಷ್ಟು ಭಾರದ ಪದವನ್ನಿತ್ತ ಆ ಔಚಿತ್ಯವನ್ನು ನಾವು ಬಹಳವಾಗಿ ಮೆಚ್ಚುವೆವು.

ಇನ್ನು ನ್ಯಾಯಶಾಸ್ತ್ರದ ಮಾತು. ಸ್ಕಾಟ್ಲೆಂಡಿನಲ್ಲಿ ಪಂಚಾಯತರ ಮುಂದೆ ನಡೆಯುವ ವಿಚಾರಣೆಗೆ 'ಅಸೈಜ್' ಎಂಬ ಹಳೆಯ ಹೆಸರಿತ್ತು. ಒಮ್ಮೆ ವಿಚಾರಣೆಗೆ ಗುರಿಯಾಗಿ ತೀರ್ಪು ಪಡೆದವನು ತನ್ನ ಅಸೈಜನ್ನು ಥೋಲ್ ಮಾಡಿದವನು. ಅದೇ ಅಪರಾಧಕ್ಕಾಗಿ ಅವನನ್ನು ಪುನಃ ಕಟಕಟೆಗೆ ಎಳೆಯಕೂಡದು. ವಿಚಾರಣೆಯೇ ಒಂದು ಹೊರೆ, ನಿರಪರಾಧಿಯೂ ಅದನ್ನು ಹೊರಬೇಕಾದೀತು, ಆದುದರಿಂದ ಒಂದು ಸಲ ಹೊತ್ತದ್ದು ಸಾಕು, ಎಂಬ ವಿವೇಕ ಆ ಒಂದು ಕ್ರಿಯಾಪದದಲ್ಲಿ ಅಡಗಿದೆ.

ಆದರೆ ಅನುಭವವು ಇದಕ್ಕೂ ಅಪವಾದವನ್ನು ಬೇಡಿತು. 1977ರಲ್ಲಿ ಎಡಿನ್‌ಬರೋ ನಗರದಿಂದ ಕಾಣೆಯಾದ ಇಬ್ಬರು ತರುಣಿಯರು ಕೊಲೆಯಾಗಿ ಸಿಕ್ಕಿದರು. 2007ರಲ್ಲಿ ಆಪಾದಿತನೊಬ್ಬನ ವಿಚಾರಣೆ ನಡೆದು, ಸಾಕ್ಷ್ಯ ಸಾಲದೆಂದು ಅವನನ್ನು ಬಿಟ್ಟುದಾಯಿತು. ಪ್ರಬಲವಾದ ಹೊಸ ಸಾಕ್ಷ್ಯ ದೊರೆತಾಗ ಮರುವಿಚಾರಣೆಗೆ ಎಡೆಗೊಡುವ ಶಾಸನವು 2011ರಲ್ಲಿ ಬಂದಿತು. ಅದರಂತೆ 2014ರಲ್ಲಿ ಅದೇ ಮನುಷ್ಯನು ಮತ್ತೆ ಕಟಕಟೆಯೇರಿ ಅಪರಾಧಿಯೆಂದು ನಿರ್ಣೀತನಾದನು. ಹಳೆಯ ನಿಯಮದ ಮೇಲೆ ನಮಗೆ ಗೌರವವಿದ್ದರೂ ಈ ತಿದ್ದುಪಡಿಯನ್ನು ನಾವು ಆಕ್ಷೇಪಿಸಲಾರೆವು. ಆ ತರುಣಿಯರ ಮನೆಯವರು ಅಷ್ಟರಲ್ಲಿ 37 ವರ್ಷ ಥೋಲ್ ಮಾಡಿದ್ದರು.