ನಾದಿನಿಗೊಂದು ಕೋಣೆ

"ಅತ್ತಿಗೆ, ಒಂದು ಚಾಪೆ ಹಾಸುವಷ್ಟು ಜಾಗ ಇದ್ದರೆ ಸಾಕು. ನಾನೂ ಮಗಳೂ ಹೇಗೋ ಇದ್ದುಬಿಡ್ತೀವಿ."

ಕಡೂರಿನಿಂದ ನನ್ನ ನಾದಿನಿ ಫೋನಿನಲ್ಲಿ ಹೀಗೆಂದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳ ಗಂಡ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಬಾಡಿಗೆ ಮನೆ, ಎಂಟನೇ ಕ್ಲಾಸಿನ ಹುಡುಗಿ, ಕೈಯಲ್ಲಿದ್ದ ದುಡ್ಡೆಲ್ಲ ಆಸ್ಪತ್ರೆಗೇ ಸುರಿದಾಗಿತ್ತು. "ಬಾಮ್ಮ, ಇದು ನಿನ್ನ ತೌರುಮನೆ" ಎಂದು ಬಾಯಲ್ಲಿ ಹೇಳಿದೆ. ಮನಸ್ಸು ಮಾತ್ರ ಹಿಂದಿನ ಕೋಣೆಗೆ ಓಡಿತು. ಸುಳ್ಳೇಕೆ ಹೇಳಲಿ, ಮೊದಲು ನೆನಪಾದದ್ದು ಅವಳ ಕಷ್ಟವಲ್ಲ, ನನ್ನ ಹೊಲಿಗೆ ಮಿಷನ್ನು.

ತಿಪಟೂರಿನ ನಮ್ಮ ಮನೆ ಮಾವನವರು 1978ರಲ್ಲಿ ಕಟ್ಟಿಸಿದ್ದು. ಜಗಲಿ, ನಡುಮನೆ, ಒಂದು ಮಲಗುವ ಕೋಣೆ, ಅಡಿಗೆಮನೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದ ಇನ್ನೊಂದು ಕೋಣೆ. ನಮ್ಮತ್ತೆಯವರು 2019ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಮಲಗುತ್ತಿದ್ದರು. ಆಮೇಲೆ ಅದು ಯಾರಿಗೂ ಬೇಡದ್ದನ್ನೆಲ್ಲ ಒಟ್ಟುವ ಜಾಗವಾಯಿತು. ನಮ್ಮವರು ಕೊಬ್ಬರಿ ವ್ಯಾಪಾರದವರು. ದರ ಏರಲಿ ಎಂದು ಕಾಯುತ್ತಿದ್ದ ನಾಲ್ಕು ಚೀಲ ಉಂಡೆ ಕೊಬ್ಬರಿ, ತಕ್ಕಡಿ, ಲೆಕ್ಕದ ಪುಸ್ತಕಗಳು ಒಂದು ಮೂಲೆಯಲ್ಲಿ. ಬೆಂಗಳೂರಿನಲ್ಲಿ ಓದುತ್ತಿರುವ ಮಗನ ಹಳೆಯ ಸೈಕಲ್ಲು, ಕೆಟ್ಟುಹೋದ ಮಿಕ್ಸಿ, ತಾಮ್ರದ ಹಂಡೆ, ತೊಟ್ಟಿಲು, ರದ್ದಿ ಪೇಪರು, ಅತ್ತೆಯವರ ಟ್ರಂಕು. ಕಿಟಕಿಯ ಪಕ್ಕ ನನ್ನ ಮಿಷನ್ನು. ಮಧ್ಯಾಹ್ನ ಎರಡು ಗಂಟೆ ಅಲ್ಲಿ ಕೂತು ರವಿಕೆ ಹೊಲಿದು, ಸೀರೆಗೆ ಫಾಲ್ ಹಾಕಿ, ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ನನ್ನದು ಅನ್ನುವ ಜಾಗ ಅದೊಂದೇ.

"ಸಾಮಾನೆಲ್ಲ ಒಂದು ಗೋಡೆಗೆ ಸರಿಸಿ ಮಂಚ ಹಾಕಿದರಾಯ್ತು. ಇಬ್ಬರಿಗೆ ಎಷ್ಟು ಜಾಗ ಬೇಕು?" ಅಂದರು ಇವರು.

ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ನನ್ನನ್ನು ಕಟ್ಟಿಕೊಂಡು ಸೋದರಮಾವನ ಮನೆಗೆ ಬಂದಳು. ಮಾವ ಕೆಟ್ಟವರಲ್ಲ. ಊಟಕ್ಕೆ, ನನ್ನ ಸ್ಕೂಲಿಗೆ ಎಂದೂ ಕಡಿಮೆ ಮಾಡಲಿಲ್ಲ. ನಮಗೊಂದು ಕೋಣೆಯನ್ನೂ ಕೊಟ್ಟರು. ಆ ಕೋಣೆಯಲ್ಲೇ ರಾಗಿಯ ವಾಡೆ, ಕಡಲೆಕಾಯಿ ಚೀಲ, ಕುಡುಗೋಲು, ಹಗ್ಗ, ದನಕ್ಕೆ ಹಾಕುವ ಹಿಂಡಿ ಎಲ್ಲ ಇತ್ತು. ಬೆಳಗಿನ ಜಾವ ರಾಗಿ ತೆಗೆಯಲು ಒಬ್ಬರು, ಮಧ್ಯಾಹ್ನ ಹಿಂಡಿಗೆ ಇನ್ನೊಬ್ಬರು, ರಾತ್ರಿ ಹಗ್ಗಕ್ಕೆ ಮತ್ತೊಬ್ಬರು. ಅವರ ಸಾಮಾನು, ಅವರು ಬರುತ್ತಾರೆ. ಬೇಡ ಅನ್ನುವುದು ಹೇಗೆ? ಅಮ್ಮ ಸೀರೆ ಬದಲಿಸುವಾಗ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಅಳು ಬಂದರೆ ಅಮ್ಮ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದಳು. ಏಳು ವರ್ಷ ಹಾಗೇ ಕಳೆಯಿತು.

ಬೆಳಿಗ್ಗೆ ಕಾಫಿ ಕೊಡುವಾಗಲೇ ಇವರಿಗೆ ಹೇಳಿದೆ: "ರೀ, ಕೊಬ್ಬರಿ ಚೀಲ ಆ ಕೋಣೆಯಲ್ಲಿ ಇರಕೂಡದು. ತಕ್ಕಡಿಯೂ ಬೇಡ, ನನ್ನ ಮಿಷನ್ನೂ ಬೇಡ. ನಮಗೆ ದಿನಾ ಬೇಕಾಗುವ ಒಂದು ವಸ್ತುವೂ ಅಲ್ಲಿ ಉಳಿಯಬಾರದು."

ಇವರಿಗೆ ಸಿಟ್ಟು ಬಂತು. ಕೊಬ್ಬರಿಗೆ ತೇವ ತಾಕಿದರೆ ಬೂಷ್ಟು ಹಿಡಿಯುತ್ತದೆ, ಇಲಿ ಬೇರೆ, ಆ ಕೋಣೆಯಷ್ಟು ಬೆಚ್ಚಗಿನ ಜಾಗ ಮನೆಯಲ್ಲಿಲ್ಲ ಎಂದು ವಾದಿಸಿದರು. ಅದೂ ನಿಜವೇ. ಕಡೆಗೆ ನಾಲ್ಕು ಚೀಲವನ್ನೂ ಆ ವಾರದ ದರಕ್ಕೇ ಮಾರಿದರು. ಮುಂದಿನ ತಿಂಗಳು ದರ ಏರಿತು! ಈ ಮಾತನ್ನು ಈಗಲೂ ವಾರಕ್ಕೊಮ್ಮೆಯಾದರೂ ನೆನಪಿಸುತ್ತಾರೆ, ನಾನು ಕೇಳಿಸದವಳ ಹಾಗೆ ಇದ್ದುಬಿಡುತ್ತೇನೆ.

ಆರು ದಿನದ ಕೆಲಸ

ಕೋಣೆ ಖಾಲಿ ಮಾಡುವಾಗ ನಾನು ಕಲಿತದ್ದು ಇಷ್ಟು. ಒಳಗೇ ಕೂತು ಸಾಮಾನು ಆರಿಸಬಾರದು. ಪ್ರತಿಯೊಂದಕ್ಕೂ ಒಂದೊಂದು ನೆನಪಿರುತ್ತದೆ, ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟುಬಿಡುತ್ತೇವೆ. ಎಲ್ಲವನ್ನೂ ಹಿತ್ತಲಿಗೆ ಹಾಕಿಬಿಡಿ. ಬಿಸಿಲಿನಲ್ಲಿ ನೋಡಿದರೆ ಯಾವುದು ಬೇಕು, ಯಾವುದು ಕಸ ಎಂಬುದು ತಾನಾಗಿ ಗೊತ್ತಾಗುತ್ತದೆ. ಎಂಟು ವರ್ಷದಿಂದ ರಿಪೇರಿಗೆ ಕಾದಿದ್ದ ಮಿಕ್ಸಿಯನ್ನು ಗುಜರಿಯವನಿಗೆ ಕೊಡುವಾಗ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಸೈಕಲ್ಲು ಪಕ್ಕದ ಬೀದಿಯ ಹುಡುಗನಿಗೆ ಹೋಯಿತು. ಹಂಡೆಯನ್ನು ಹುಣಿಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಬಚ್ಚಲಿಗೆ ಇಟ್ಟೆ. ತೊಟ್ಟಿಲು ಮಾತ್ರ ಯಾರಿಗೂ ಕೊಡಲು ಮನಸ್ಸು ಬರದೆ ಅಟ್ಟಕ್ಕೇರಿತು.

ಮೇಲಿನ ಗೂಡಿನಲ್ಲಿ ಒಂದು ತಂಪು ಪಾನೀಯದ ಬಾಟಲಿ ಇತ್ತು. ಬಿರಡೆ ತೆಗೆದರೆ ಗಪ್ಪೆಂದು ವಾಸನೆ. ಗೆದ್ದಲಿಗೆ ಹೊಡೆಸಿದಾಗ ಉಳಿದ ಔಷಧಿ! ಅದರ ಪಕ್ಕದಲ್ಲೇ ಇಲಿ ಪಾಷಾಣ. ನನ್ನ ಎದೆ ಧಸಕ್ಕೆಂದಿತು. ಮಕ್ಕಳು ಇರುವ ಮನೆಯಲ್ಲಿ ವಿಷವನ್ನು ಕುಡಿಯುವ ಬಾಟಲಿಗೆ ಹಾಕಿಡುವುದು ಎಂಥ ತಪ್ಪು! ಅದೂ ಅಲ್ಲದೆ, ಮನಸ್ಸು ನೊಂದವರು ಇರುವ ಕಡೆ ಇಂಥವು ಕೈಗೆ ಸಿಗುವಂತೆ ಇರಲೇಬಾರದು. ಯಾವ ಗಳಿಗೆ ಹೇಗೋ ಯಾರಿಗೆ ಗೊತ್ತು? ಚರಂಡಿಗೆ ಸುರಿಯಬಾರದೆಂದು ಗೆದ್ದಲಿನ ಔಷಧಿ ಹೊಡೆಯುವವನನ್ನೇ ಕರೆಸಿ ಎರಡನ್ನೂ ವಾಪಸು ಕೊಟ್ಟೆ. ಅತ್ತೆಯವರ ಕಾಲದ ಮಾತ್ರೆಗಳೂ ಒಂದು ಡಬ್ಬಿ ತುಂಬ ಇದ್ದವು, ಅವನ್ನೂ ಉಳಿಸಲಿಲ್ಲ.

ಗೋಡೆಗೆ ಮೊದಲಿನಿಂದಲೂ ಸುಣ್ಣವೇ ಇದ್ದುದರಿಂದ ಮತ್ತೆ ಸುಣ್ಣವನ್ನೇ ಬಳಿಸಿದೆವು. ಸುಣ್ಣದ ಕಲ್ಲನ್ನು ಹಿಂದಿನ ದಿನವೇ ತಗಡಿನ ಡಬ್ಬದಲ್ಲಿ ನೀರಿಗೆ ಹಾಕಿಡಬೇಕು. ಅದು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ಟು ಬೇಡ, ಬಗ್ಗಿ ನೋಡುವುದೂ ಬೇಡ, ಕಣ್ಣಿಗೆ ಹಾರಿದರೆ ಅಪಾಯ. ಮಾರನೆಯ ದಿನ ಬಟ್ಟೆಯಲ್ಲಿ ಸೋಸಿ, ನೆನೆಸಿದ ಗೋಂದು ಸ್ವಲ್ಪ, ಬಟ್ಟೆಗೆ ಹಾಕುವ ನೀಲಿ ಚಿಟಿಕೆಯಷ್ಟು ಸೇರಿಸಿದರೆ ಗೋಡೆಗೆ ಒರಗಿದವರ ಬೆನ್ನಿಗೆ ಅಂಟುವುದಿಲ್ಲ, ಬಿಳುಪೂ ಚೆನ್ನಾಗಿ ಬರುತ್ತದೆ. ಎರಡು ಸಲ ಬಳಿದು, ಮೂರು ದಿನ ಕಿಟಕಿ ತೆರೆದಿಟ್ಟು ಒಣಗಿಸಿದೆವು. ಹಳೆಯ ಹಾಸಿಗೆ ಗಂಟು ಗಂಟಾಗಿತ್ತು. ಹತ್ತಿ ಹಿಂಜುವವನನ್ನು ಕರೆಸಿ ಹಿಂಜಿಸಿ, ಹೊಸ ಬಟ್ಟೆ ಹೊಲಿದು ಹಾಕಿದೆ. ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ದು ಬಿಸಿಲಿಗಿಟ್ಟೆ, ತಿಗಣೆ ಇದ್ದರೂ ಹೋಗಲಿ ಎಂದು. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಹಾಕಿದರೆ ಗೆದ್ದಲು ಹತ್ತುವುದು ಬೇಗ ಕಣ್ಣಿಗೆ ಬೀಳುತ್ತದೆ.

ಇವರನ್ನು ಒಪ್ಪಿಸಿ ಬಾಗಿಲಿಗೆ ಒಳಗಿನಿಂದ ಒಂದು ಹೊಸ ಚಿಲಕ ಹಾಕಿಸಿದೆ. ಖರ್ಚಿನಲ್ಲಿ ಎಲ್ಲಕ್ಕಿಂತ ಕಡಿಮೆಯದು ಅದೇ.

ಟ್ರಂಕಿನ ತಳದಲ್ಲಿ

ಅತ್ತೆಯವರ ಟ್ರಂಕನ್ನು ಕಡೆಗೆ ಬಿಟ್ಟಿದ್ದೆ. ತೆಗೆದರೆ ಅದೇ ಕರ್ಪೂರ, ಎಲೆಅಡಿಕೆಯ ವಾಸನೆ. ಧಾರೆ ಸೀರೆಯ ಮಡಿಕೆಗಳಲ್ಲಿ ರೇಷ್ಮೆ ಸೀಳಿತ್ತು. ಜರಿ ಸೀರೆಯನ್ನು ಆಗಾಗ ತೆಗೆದು ಬೇರೆ ಥರ ಮಡಿಸಿಡಬೇಕೆಂದು ಅವರೇ ನನಗೆ ಹೇಳಿಕೊಟ್ಟಿದ್ದರು, ನಾನೇ ಮರೆತಿದ್ದೆ. ಸೀರೆಯೊಳಗೆ ಹಳೆಯ ಸಾವಿರದ ನೋಟು ಮೂರು! 2016ರ ನವೆಂಬರ್ 8ರಂದು ಆ ನೋಟು ಸಲ್ಲದು ಎಂದು ಸಾರಿದಾಗ ಅತ್ತೆಯವರು ಸಾಸಿವೆ ಡಬ್ಬಿಯಿಂದ, ದೇವರ ಪಟದ ಹಿಂದಿನಿಂದ ಎಲ್ಲ ತೆಗೆದುಕೊಟ್ಟಿದ್ದರು. ಇವು ಮೂರು ಮರೆತಿದ್ದವೋ, ಮರೆಸಿದ್ದವೋ. ಬ್ಯಾಂಕಿಗೆ ಕಟ್ಟುವ ಗಡುವು ಆ ವರ್ಷದ ಡಿಸೆಂಬರ್ 30ಕ್ಕೇ ಮುಗಿದಿತ್ತು. ಅಂಥ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯಿದೆಯ ಪ್ರಕಾರ ತಪ್ಪು, ಮೂರಕ್ಕೆ ಭಯವಿಲ್ಲ. ಸೀರೆಯಲ್ಲೇ ಇಟ್ಟೆ.

ತಳದಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಮನೆಯ ಪತ್ರ ಸಿಕ್ಕಿತು. ನಿವೇಶನದ ಕ್ರಯಪತ್ರ, ಮಾವನವರ ಹೆಸರಿನದು. ಮಂಡಿಯಲ್ಲಿ ಗುಮಾಸ್ತಗಿರಿ ಮಾಡಿ ಕೂಡಿಟ್ಟ ಹಣದಲ್ಲಿ ಕೊಂಡದ್ದು. ಅವರು 2009ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅತ್ತೆಯವರೂ ಏನೂ ಬರೆದಿಟ್ಟಿರಲಿಲ್ಲ. ಅವರಿಗೆ ಮಕ್ಕಳು ಇಬ್ಬರೇ, ನಮ್ಮವರು ಮತ್ತು ನಾದಿನಿ.

ಆ ಪತ್ರ ಹಿಡಿದುಕೊಂಡು ಬಹಳ ಹೊತ್ತು ಕೂತೆ. ನಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಒಮ್ಮೆ ಬಂದಿದ್ದ ವಕೀಲೆಯೊಬ್ಬರ ಮಾತು ನೆನಪಾಯಿತು. ಮಾರನೆಯ ದಿನ ಯಾರಿಗೂ ಹೇಳದೆ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಅಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ಸಲಹೆ ಉಚಿತ. ಓದುವ ಸೋದರಿಯರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಅಲ್ಲಿ ಹೇಳಿದ್ದು ಹೀಗೆ. ತಂದೆ ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿಯಲ್ಲಿ, ಉಯಿಲು ಇಲ್ಲದಿದ್ದರೆ, ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ಹಾಗಿದೆ. ವಾಸದ ಮನೆಯೊಂದನ್ನು ಮಾತ್ರ ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಆಗಲೂ ವಿಧವೆಯಾದ ಮಗಳಿಗೆ ತೌರಿನಲ್ಲಿ ವಾಸಿಸುವ ಹಕ್ಕಿತ್ತು. 2005ರಲ್ಲಿ ಆ ತಡೆಯನ್ನೂ ತೆಗೆದುಹಾಕಿದರು. "ಖಾತೆ ನಮ್ಮ ಯಜಮಾನರ ಹೆಸರಿನಲ್ಲಿದೆ" ಎಂದೆ. "ಖಾತೆ ಇರುವುದು ಕಂದಾಯ ಕಟ್ಟುವುದಕ್ಕಮ್ಮ, ಅದರಿಂದ ಒಬ್ಬರೇ ಮಾಲೀಕರಾಗಲ್ಲ. ನಿಮ್ಮ ನಾದಿನಿ ಹಕ್ಕು ಬಿಟ್ಟು ನೋಂದಣಿ ಮಾಡಿಸಿಕೊಟ್ಟಿದ್ದಾರಾ?" ಎಂದರು. ಇಲ್ಲ. ಹಾಗಾದರೆ ಅರ್ಧ ಮನೆ ಅವಳದೇ.

ಬಸ್‌ಸ್ಟ್ಯಾಂಡಿನ ಮುಂದೆ ನಡೆದು ಬರುವಾಗ ನಾಚಿಕೆಯಾಯಿತು. ಆರು ದಿನದಿಂದ ನಾನೇ ಏನೋ ದಾನ ಮಾಡುತ್ತಿರುವ ಹಾಗೆ ಓಡಾಡಿದ್ದೆ. ಪಕ್ಕದ ಮನೆಯವರ ಹತ್ತಿರ "ನೋಡಿ, ನನ್ನ ಮಿಷನ್ನು ಸಹ ಈಚೆಗೆ ಹಾಕಿದೆ" ಎಂದು ಹೇಳಿಕೊಂಡಿದ್ದೆ. ಅರ್ಧ ಮನೆಯ ಒಡತಿ ಚಾಪೆ ಹಾಸುವಷ್ಟು ಜಾಗ ಕೇಳಿದ್ದಳು!

ನಾಚಿಕೆಯ ಜೊತೆಗೆ ಭಯವೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ನಮಗೂ ಇರುವುದು ಇದೊಂದೇ ಮನೆ. ಪತ್ರವನ್ನು ಮತ್ತೆ ಟ್ರಂಕಿಗೆ ಸೇರಿಸಿ ಅಟ್ಟಕ್ಕೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ರಾತ್ರಿ ಊಟವಾದ ಮೇಲೆ ಪತ್ರವನ್ನು ಇವರ ಮುಂದಿಟ್ಟು ಎಲ್ಲ ಹೇಳಿದೆ. "ಅವಳೇನೂ ಕೇಳಿಲ್ಲವಲ್ಲೇ" ಎಂದರು. "ಕೇಳುವ ಸ್ಥಿತಿಯಲ್ಲಿ ಅವಳು ಇದ್ದಾಳಾ? ಅವಳು ಕೇಳೋದಕ್ಕೆ ಮುಂಚೆ ನಾವೇ ಹೇಳೋಣ" ಎಂದೆ. ಉತ್ತರ ಬರಲಿಲ್ಲ. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತೇ ಆಡಲಿಲ್ಲ. ಮೂರನೆಯ ದಿನ ಸಂಜೆ ಬರುವಾಗ ಕೈಯಲ್ಲಿ ಪತ್ರದ ಎರಡು ಜೆರಾಕ್ಸ್ ಪ್ರತಿ ಇದ್ದವು. "ಒಂದು ಅವಳ ಹತ್ತಿರ ಇರಲಿ" ಎಂದು ಹೇಳಿ ಕೈಕಾಲು ತೊಳೆಯಲು ಹೋದರು.

ಭಾನುವಾರ ನಾದಿನಿ ಬಂದಳು. ಟೆಂಪೋದಲ್ಲಿ ಸಾಮಾನು ಹೆಚ್ಚೇನೂ ಇರಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು ನೋಡಿ, "ಅತ್ತಿಗೆ, ಮಿಷನ್ನು ಯಾಕೆ ತೆಗೆದ್ರಿ? ಅದು ಇಲ್ಲೇ ಇರಬಹುದಿತ್ತಲ್ಲ" ಎಂದಳು. ನಡುಮನೆಯಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಎಂದೆ. ಬೆಳಕು ಮಾತ್ರ ಸಾಲದು, ಸೂಜಿಗೆ ದಾರ ಪೋಣಿಸಲು ಬಾಗಿಲ ಹತ್ತಿರ ಹೋಗಬೇಕು. ಹುಡುಗಿ ಖಾಲಿ ಗೂಡಿನಲ್ಲಿ ತನ್ನ ಪುಸ್ತಕ ಜೋಡಿಸಿ, ಅಪ್ಪನ ಫೋಟೋ ಇಟ್ಟಳು.

ಪತ್ರದ ವಿಷಯ ಇವರು ಅವಳಿಗೆ ಹೇಳಿದ್ದು ಎರಡು ವಾರದ ಮೇಲೆ. "ಈಗ ಅದೆಲ್ಲ ಯಾಕಣ್ಣ" ಎಂದು ಅತ್ತಳು. ಪ್ರತಿಯನ್ನು ಮಾತ್ರ ಇಸಕೊಂಡು ಪೆಟ್ಟಿಗೆಯಲ್ಲಿಟ್ಟಳು, ನನಗೆ ಸಮಾಧಾನವಾಯಿತು. ಖಾತೆಗೆ ಇಬ್ಬರ ಹೆಸರೂ ಸೇರಿಸಲು ಅರ್ಜಿ ಕೊಟ್ಟಿದ್ದೇವೆ, ಇನ್ನೂ ಆಗಬೇಕು.

ಬಂದ ದಿನ ಮಧ್ಯಾಹ್ನ ಊಟ ಮಾಡಿ ತಾಯಿ ಮಗಳು ಒಳಗೆ ಹೋದರು. ಚಿಲಕ ಹಾಕಿದ ಸದ್ದು ಕೇಳಿಸಿತು. ಸಂಜೆ ಐದಾದರೂ ಏಳಲಿಲ್ಲ, ನಾನೂ ಕಾಫಿಗೆ ಕರೆಯಲಿಲ್ಲ. ಅಷ್ಟರಲ್ಲಿ ಇವರು ಅಭ್ಯಾಸಬಲದಿಂದ ತಕ್ಕಡಿ ತರಲು ಆ ಬಾಗಿಲವರೆಗೆ ಹೋದವರು ಹಾಗೇ ನಿಂತು, ಹಿಂದಕ್ಕೆ ಬಂದು, "ತಕ್ಕಡಿ ಎಲ್ಲಿಟ್ಟಿದ್ದೀಯೇ?" ಎಂದು ಪಿಸುಗುಟ್ಟಿದರು.

ನಮ್ಮ ಮಂಚದ ಕೆಳಗಿದೆ ಎಂದೆ.